ಅಜ್ಜನ ಜೋಡಿ ನಳಿಗೆ ಕೋವಿ: ಬಣ್ಣ ಕಿತ್ತು ಮತ್ತೆ ಕಪ್ಪು ಮಾಡಿದ ಕೆಲಸ

ನಳಿಗೆಯ ಮೇಲೆ ಹೆಬ್ಬೆರಳಿನ ಉಗುರು ಒತ್ತಿದೆ. ಕಪ್ಪು ಬಣ್ಣದ ಚಕ್ಕೆಯೊಂದು ಎದ್ದು ಬಂತು, ಬೇಯಿಸಿದ ಆಲೂಗಡ್ಡೆ ಸಿಪ್ಪೆ ಸುಲಿದು ಬರುವ ಹಾಗೆ. ಅದರ ಅಡಿಯಲ್ಲಿ ಒದ್ದೆ ತುಕ್ಕು. ಒಣ ತುಕ್ಕಲ್ಲ, ಬೆರಳಿಗೆ ಅಂಟುವ ಕೆಂಪು ಕೆಸರು. ಇನ್ನೂ ಒಂದು ಮಳೆಗಾಲ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತೋ.

ಇದು ನನ್ನ ಅಜ್ಜನ ಕೋವಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ 12 ಬೋರ್, ಅಕ್ಕಪಕ್ಕ ಎರಡು ನಳಿಗೆ, 30 ಇಂಚು ಉದ್ದ. ಕೊಡಗಿನ ಮನೆಗಳಲ್ಲಿ ಕೋವಿ ಅಂದರೆ ಏನು ಅಂತ ಗೊತ್ತಿರುವವರಿಗೆ ಜಾಸ್ತಿ ಹೇಳಬೇಕಿಲ್ಲ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ನಾನು ಹುಟ್ಟಿದಾಗ ಹಾರಿಸಿದ್ದು ಇದೇ ಕೋವಿ, ಅಜ್ಜ ಹೋದಾಗ ಹಾರಿಸಿದ್ದೂ ಇದೇ.

ಎರಡು ವರ್ಷದ ಹಿಂದೆ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದಾಗ ನಳಿಗೆಯ ಹಳೇ ಕಪ್ಪು ಸವೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಹಬ್ಬಕ್ಕೆ ಚೆನ್ನಾಗಿ ಕಾಣಲಿ ಅಂತ ಕಾರಿಗೆ ಬಣ್ಣ ಹೊಡೆಯುವ ಒಂದು ಕಡೆ ಕೊಟ್ಟೆವು. ‘ಸೆರಾಮಿಕ್ ಕೋಟಿಂಗ್ ಮಾಡಿಕೊಡ್ತೀವಿ, ಹತ್ತು ವರ್ಷ ತುಕ್ಕು ಹತ್ತಿರ ಬರಲ್ಲ’ ಅಂದರು. ಒಪ್ಪಿದ್ದು ನಾನೇ. ಅದು ತಪ್ಪು, ಎರಡು ರೀತಿಯಲ್ಲಿ ತಪ್ಪು.

ಮೊದಲನೆಯದು ಕಾನೂನು. ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಆದರೆ ಆ ವಿನಾಯಿತಿ ಇರುವುದು ಇಟ್ಟುಕೊಳ್ಳುವುದಕ್ಕೆ. ಕೋವಿ ರಿಪೇರಿ ಅಂಗಡಿ ನಡೆಸುವವರಿಗೆ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಕಾರ್ ಪೇಂಟ್ ಅಂಗಡಿಗೆ ಕೋವಿ ಒಯ್ಯಲೇಬಾರದಿತ್ತು. ಅದಕ್ಕೇ ಈ ಸಲದ ಕೆಲಸ ಪೂರ್ತಿ ನಡೆದದ್ದು ಲೈಸೆನ್ಸ್ ಇರುವ ಹಿರಿಯ ಕೋವಿ ರಿಪೇರಿಯವರೊಬ್ಬರ ಶೆಡ್ಡಿನಲ್ಲಿ. ಉಜ್ಜಿದ್ದು ಕುದಿಸಿದ್ದು ನಾನು, ಎಲ್ಲಿ ನಿಲ್ಲಿಸಬೇಕು ಅಂತ ಹೇಳಿದ್ದು ಅವರು.

ಎರಡನೆಯದು ಬಣ್ಣದ್ದು. ‘ಸೆರಾಮಿಕ್’ ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಕಾರಿನವರು ಹೇಳುವ ಸೆರಾಮಿಕ್ ಕೋಟಿಂಗ್ ಅಂದರೆ ಬಣ್ಣದ ಮೇಲೆ ಹೊಳಪಿಗೆ ಒರೆಸುವ ದ್ರವ. ಕೋವಿಗೆ ಹಾಕುವ ಸೆರಾಕೋಟ್ ತರಹದ್ದು ಬೇರೆ. ಅದಕ್ಕೆ ಮೊದಲು ಲೋಹವನ್ನು ಅಸಿಟೋನ್‌ನಲ್ಲಿ ನೆನೆಸಿ ಎಣ್ಣೆ ತೆಗೆಯಬೇಕು, ಒಲೆಯಲ್ಲಿ ಕಾಯಿಸಿ ಸಂದಿಯೊಳಗಿನ ಎಣ್ಣೆಯನ್ನೂ ಹೊರಗೆ ಬರಿಸಬೇಕು, ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಊದಿ ಮೇಲ್ಮೈ ಒರಟು ಮಾಡಬೇಕು, ಸುಮಾರು 25 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಪ್ಪಕ್ಕೆ ತೆಳ್ಳಗೆ ಸಿಂಪಡಿಸಬೇಕು. ಆಮೇಲೆ ಸುಮಾರು 120 ಡಿಗ್ರಿಯಲ್ಲಿ ಎರಡು ಗಂಟೆ ಬೇಯಿಸಬೇಕು. ನಮ್ಮ ಕೋವಿಗೆ ಇದರಲ್ಲಿ ಒಂದೂ ಆಗಿರಲಿಲ್ಲ. ಹಳೇ ಎಣ್ಣೆಯ ಮೇಲೇ ಕಾರಿನ ಪೇಂಟ್ ಹೊಡೆದು, ಮೇಲೆ ಹೊಳಪಿನ ದ್ರವ ಒರೆಸಿದ್ದರು.

ದಪ್ಪ ಎಷ್ಟಿದೆ ಅಂತ ನೋಡಲು ಹಳೇ ಕಾರು ಮಾರುವ ಸ್ನೇಹಿತನಿಂದ ಬಣ್ಣದ ದಪ್ಪ ಅಳೆಯುವ ಮೀಟರ್ ತಂದೆ. ನಳಿಗೆಯ ಮಧ್ಯದಲ್ಲಿ 140 ಮೈಕ್ರಾನ್. ರಿಬ್ (ಎರಡು ನಳಿಗೆಗಳ ನಡುವಿನ ಉದ್ದ ಪಟ್ಟಿ) ಪಕ್ಕದಲ್ಲಿ, ಬಣ್ಣ ಇಳಿದು ಗಡ್ಡೆ ಕಟ್ಟಿದ ಕಡೆ, 260. ಅಷ್ಟು ದಪ್ಪದ ಪದರ ಸಡಿಲವಾದರೆ ಅದು ರೇನ್‌ಕೋಟ್ ಒಳಗೆ ನೀರು ನುಗ್ಗಿದ ಹಾಗೆ. ಹೊರಗೆ ಹೋಗಲು ದಾರಿಯೇ ಇಲ್ಲ. ಬರಿ ಕಬ್ಬಿಣವಾದರೆ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಇಲ್ಲಿ ಒರೆಸಿದ ಎಣ್ಣೆ ಬಣ್ಣದ ಮೇಲೇ ನಿಲ್ಲುತ್ತದೆ, ತುಕ್ಕು ಕೆಳಗೆ ತನ್ನ ಪಾಡಿಗೆ ಹಬ್ಬುತ್ತದೆ. ಹೊರಗಿನಿಂದ ಕಾಣುವುದು ಸಣ್ಣ ಹುಳ ಹರಿದಂತೆ ಎದ್ದ ಗೆರೆಗಳು ಮಾತ್ರ.

ಅದಕ್ಕಿಂತ ಹೆದರಿಸಿದ್ದು ಇನ್ನೊಂದು. ಕೋವಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ನಳಿಗೆಯ ಕೆಳಗಿನ ಚಪ್ಪಟೆ ಭಾಗಕ್ಕೆ, ನಳಿಗೆಯನ್ನು ಹಿಡಿದಿಡುವ ಕೊಕ್ಕೆಗೆ, ಆಕ್ಷನ್‌ನ (ನಳಿಗೆ ಬಂದು ಕೂರುವ ಹಿಂದಿನ ಲೋಹದ ಭಾಗ) ಮುಖಕ್ಕೆ, ತೋಟೆ ಹೊರಗೆ ತಳ್ಳುವ ಎಕ್ಸ್‌ಟ್ರಾಕ್ಟರ್‌ಗೆ, ಎಲ್ಲಕ್ಕೂ ಬಣ್ಣ ಹೊಡೆದಿದ್ದರು. ಮುಚ್ಚಿದಾಗ ಮೇಲಿನ ಲಿವರ್ ನಡುವಿಗೆ ಬರದೆ ಬಲಕ್ಕೆ ಸರಿದೇ ನಿಲ್ಲುತ್ತಿತ್ತು. ಅಂದರೆ ಒಳಗಿನ ಬೋಲ್ಟ್ ಪೂರ್ತಿ ಕಚ್ಚಿಲ್ಲ ಅಂತ. ಆ ಸ್ಥಿತಿಯಲ್ಲಿ ಈಡು ಹೊಡೆದರೆ ಮುಖಕ್ಕೇ ಅಪಾಯ. ತೋಟೆಗೆ ಬಡಿಯುವ ಪಿನ್ ಹೊರಬರುವ ತೂತಿನ ಸುತ್ತ ಬಣ್ಣದ ಉಂಗುರ ಕಟ್ಟಿತ್ತು. ತೋಟೆ ಕೂರುವ ಚೇಂಬರ್ ಒಳಗೂ ಒಂದು ಇಂಚು ಬಣ್ಣ ಹೋಗಿತ್ತು. ನಿಮ್ಮ ಮನೆಯ ಕೋವಿಗೆ ಯಾರಾದರೂ ಹೀಗೆ ಬಣ್ಣ ಹೊಡೆದಿದ್ದರೆ ಮೊದಲು ಲಿವರ್ ನೋಡಿ. ಅದು ನಡುವಿಗೆ ಬರುತ್ತಿಲ್ಲ ಅಂದರೆ ಹಬ್ಬವಿರಲಿ ಏನೇ ಇರಲಿ, ಹಾರಿಸಬೇಡಿ.

ಜುಲೈ ಎರಡನೇ ವಾರ ಶುರು ಮಾಡಿದೆವು. ಕೋವಿ ತೆರೆದು ಎರಡೂ ಚೇಂಬರ್ ಖಾಲಿ ಅಂತ ರಿಪೇರಿಯವರೂ ನೋಡಿದರು, ನಾನೂ ನೋಡಿದೆ. ಮುಂದಿನ ಮರದ ಹಿಡಿ ಬಿಚ್ಚಿ ನಳಿಗೆ ಬೇರೆ ಮಾಡಿದೆವು.

ಬಣ್ಣ ಯಾವುದು ಅಂತ ತಿಳಿಯಲು ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯನ್ನು ಹತ್ತು ನಿಮಿಷ ಒತ್ತಿಟ್ಟೆ. ಸಾಮಾನ್ಯ ಸ್ಪ್ರೇ ಪೇಂಟ್ ಆಗಿದ್ದರೆ ಕರಗಿ ಹತ್ತಿ ಕಪ್ಪಾಗುತ್ತಿತ್ತು. ಇದು ಜಗ್ಗಲಿಲ್ಲ. ಹಾರ್ಡ್‌ನರ್ ಬೆರೆಸಿದ ಪೇಂಟ್, ಥಿನ್ನರ್‌ಗೆ ಬಗ್ಗುವುದಿಲ್ಲ. ಹೀಟ್ ಗನ್ ಹಿಡಿದರೆ ಬೇಗ ಏಳುತ್ತದೆ ಅನಿಸಿತು. ಗುರುಗಳು, ಅಂದರೆ ಆ ಹಿರಿಯ ರಿಪೇರಿಯವರು, ಕೈ ಹಿಡಿದು ತಡೆದರು. ಅವರ ಹೆಸರು ಬರೆಯುವುದು ಬೇಡ ಅಂದಿದ್ದಾರೆ, ಹಾಗಾಗಿ ಗುರುಗಳು ಅಂತಲೇ ಬರೆಯುತ್ತೇನೆ.

ಯಾಕೆ ಬೇಡ ಅನ್ನುವುದೇ ಈ ಇಡೀ ಕೆಲಸದ ಜೀವ. ಜೋಡಿ ನಳಿಗೆ ಕೋವಿಯಲ್ಲಿ ಎರಡು ನಳಿಗೆಗಳ ಮೇಲೆ ಒಂದು, ಕೆಳಗೆ ಒಂದು ಉದ್ದ ಪಟ್ಟಿ ಇರುತ್ತದಲ್ಲ, ರಿಬ್, ಅವನ್ನು ಸೀಸ ಮತ್ತು ತವರದ ಮೆತ್ತನೆ ಸೋಲ್ಡರ್‌ನಲ್ಲಿ ಕೂರಿಸಿರುತ್ತಾರೆ. ಆ ಸೋಲ್ಡರ್ 183 ಡಿಗ್ರಿಯ ಹೊತ್ತಿಗೇ ಮೆತ್ತಗಾಗಲು ಶುರು. ಹೀಟ್ ಗನ್ 400, 500 ಡಿಗ್ರಿ ಬಿಸಿ ಉಗುಳುತ್ತದೆ. ಒಂದು ಜಾಗದಲ್ಲಿ ಅರೆನಿಮಿಷ ಮರೆತು ನಿಂತರೆ ರಿಬ್ ಎದ್ದಿತು. ಆಮೇಲೆ ಬಣ್ಣದ ಚಿಂತೆ ಹೋಗಿ ನಳಿಗೆಯನ್ನೇ ಮತ್ತೆ ಜೋಡಿಸುವ ಚಿಂತೆ.

ಹಾಗಾಗಿ ಬೆಂಜೈಲ್ ಆಲ್ಕೋಹಾಲ್ ಇರುವ ಜೆಲ್ ರಿಮೂವರ್ ತಂದೆವು. ಮಿಥಿಲೀನ್ ಕ್ಲೋರೈಡ್ ಇರುವುದು ಹದಿನೈದೇ ನಿಮಿಷದಲ್ಲಿ ಕೆಲಸ ಮಾಡುತ್ತದೆ, ಆದರೆ ಅದರ ಆವಿ ಜೀವ ತೆಗೆಯುವಂಥದ್ದು. ನೈಟ್ರೈಲ್ ಗ್ಲೌಸ್ ಒಳಗೂ ಬೇಗ ಇಳಿಯುತ್ತದೆ. ಅಮೆರಿಕದಲ್ಲಿ 2019ರಲ್ಲೇ ಮನೆಬಳಕೆಯ ಪೇಂಟ್ ರಿಮೂವರ್‌ಗೆ ಅದನ್ನು ನಿಷೇಧಿಸಿದರು. ಮಳೆಗೆ ಬಾಗಿಲು ಹಾಕಿದ ಶೆಡ್ಡಿನಲ್ಲಿ ಅದರ ಡಬ್ಬಿ ತೆರೆಯುವ ಮಾತೇ ಇಲ್ಲ. ನಮ್ಮದು ನಿಧಾನ. ಸಂಜೆ ದಪ್ಪಗೆ ಬಳಿದು, ಪಾಲಿಥೀನ್ ಸುತ್ತಿ, ರಾತ್ರಿಯೆಲ್ಲ ಬಿಟ್ಟೆವು. ಬೆಳಗ್ಗೆ ಬಣ್ಣ ಸುಕ್ಕು ಸುಕ್ಕಾಗಿ ಎದ್ದಿತ್ತು. ಪ್ಲಾಸ್ಟಿಕ್ ಪಟ್ಟಿಯಲ್ಲಿ ತಳ್ಳಿದರೆ ಉದ್ದಕ್ಕೆ ಬಂತು. ಗಡ್ಡೆ ಕಟ್ಟಿದ ಕಡೆಗೆ ಮಾತ್ರ ಮೂರು ರಾತ್ರಿ ಹಿಡಿಯಿತು. ಚೇಂಬರ್ ಒಳಗೆ ಮರದ ಕೋಲಿಗೆ ಬಟ್ಟೆ ಸುತ್ತಿ ತಿರುಗಿಸಿ ತೆಗೆದೆ. ಬಣ್ಣ ತೆಗೆಯುವಾಗ ಎಮೆರಿ ಕಾಗದ, ವೈರ್ ವೀಲ್, ಗ್ರೈಂಡರ್ ಯಾವುದನ್ನೂ ಮುಟ್ಟಲಿಲ್ಲ.

ನಳಿಗೆಯ ಕೆಳಗಿನ ಚಪ್ಪಟೆ ಭಾಗದಿಂದ ಬಣ್ಣ ಹೋದಾಗ ಸಣ್ಣ ಸಣ್ಣ ಕಿರೀಟಗಳು ಕಂಡವು. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ನ ಮುದ್ರೆಗಳು. ಅಲ್ಲಿ 1813ರಿಂದ ನಳಿಗೆಗಳನ್ನು ಜಾಸ್ತಿ ಮದ್ದು ತುಂಬಿ ಹಾರಿಸಿ ನೋಡಿ ಮುದ್ರೆ ಒತ್ತುತ್ತಿದ್ದಾರೆ. ಕಿರೀಟದ ಕೆಳಗೆ ಎನ್‌ಪಿ ಅಂತ ಇತ್ತು, ಅಂದರೆ ಹೊಗೆರಹಿತ ಮದ್ದಿಗೆ ಪರೀಕ್ಷೆ ಆಗಿದೆ. ಅಜ್ಜ ಈ ಮುದ್ರೆಗಳನ್ನು ಬೆರಳಲ್ಲಿ ಸವರಿ ತೋರಿಸುತ್ತಿದ್ದದ್ದು ನೆನಪಿದೆ. ಎರಡು ವರ್ಷ ಅವು ಬಣ್ಣದ ಕೆಳಗಿದ್ದವು. ಆ ದಿನ ನನಗೆ ತುಂಬಾ ಹೊತ್ತು ಬೇರೆ ಕೆಲಸ ಮಾಡಲು ಆಗಲಿಲ್ಲ.

ಗುರುಗಳು ಅದೇ ಹೊತ್ತಿಗೆ ಗೇಜ್ ಹಾಕಿ ಚೇಂಬರ್ ಉದ್ದವನ್ನೂ ನೋಡಿದರು. ಎರಡೂವರೆ ಇಂಚು, ಅಂದರೆ 65 ಮಿ.ಮೀ. ತೋಟೆಗೆ ಮಾಡಿದ್ದು. 70 ಮಿ.ಮೀ. ತೋಟೆ ಇದರಲ್ಲಿ ಸಲೀಸಾಗಿ ಕೂರುತ್ತದೆ, ಅದೇ ಮೋಸ. ಹಾರಿದಾಗ ತೋಟೆಯ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಮ್ಮ ಮನೆಯ ಡಬ್ಬಿಯಲ್ಲಿ ಎರಡೂ ಬೆರೆತಿದ್ದವು. ಅವತ್ತೇ ಬೇರೆ ಮಾಡಿದೆ.

ಇನ್ನು ನಳಿಗೆ ಗಟ್ಟಿ ಇದೆಯಾ? ಗುರುಗಳು ಕೊಕ್ಕೆಗೆ ಹುರಿ ಕಟ್ಟಿ ನಳಿಗೆಯನ್ನು ಜಂತಿಗೆ ತೂಗುಹಾಕಿದರು. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ರಿಬ್ ಎಲ್ಲಾದರೂ ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದಂತೆ. ನಮ್ಮದು ದೇವಸ್ಥಾನದ ಗಂಟೆ ಹಾಗೆ ಕೇಳಿಸಿತು, ಮಳೆ ಸದ್ದಿನ ನಡುವೆಯೂ ನಾಲ್ಕೈದು ಸೆಕೆಂಡು ನಿಂತಿತು. ಆಮೇಲೆ ಗೋಡೆಯ ದಪ್ಪ ಅಳೆದರು. ತುಕ್ಕಿನ ಕುಳಿಗಳು ಜಾಸ್ತಿ ಇದ್ದದ್ದು ಬಲ ನಳಿಗೆಯ ಮಧ್ಯದಲ್ಲಿ. ಅಲ್ಲಿ ತೀರ ತೆಳು ಜಾಗದಲ್ಲಿ 26 ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ), ಅಂದರೆ 0.66 ಮಿ.ಮೀ. ಇಂಗ್ಲಿಷ್ ಕೋವಿ ಕಸುಬಿನಲ್ಲಿ 20 ಥೌಗಿಂತ ತೆಳುವಾದರೆ ಅನುಮಾನ ಪಡುತ್ತಾರೆ. ನಮ್ಮದು ಪಾಸು, ಆದರೆ ಉಜ್ಜಿ ಬಿಸಾಡುವಷ್ಟು ಲೋಹ ಇಲ್ಲ. ಕುಳಿಗಳನ್ನು ಪೂರ್ತಿ ಅಳಿಸಬೇಕು ಅಂದರೆ ಸುತ್ತಲಿನದನ್ನೆಲ್ಲ ಕುಳಿಯ ಆಳಕ್ಕೆ ಇಳಿಸಬೇಕು. ಬೇಡ, ಕುಳಿ ಇರಲಿ ಅಂತ ತೀರ್ಮಾನ ಮಾಡಿದೆವು. ನನಗೆ ಅದರಲ್ಲಿ ಎರಡನೇ ಯೋಚನೆಯೇ ಬರಲಿಲ್ಲ. ಸಣ್ಣ ಚುಕ್ಕೆಗಳಿಗೋಸ್ಕರ ನಳಿಗೆ ತೆಳು ಮಾಡುವುದು ಸರಿಯಲ್ಲ, ಅಲ್ವಾ? ಉಳಿದ ತುಕ್ಕನ್ನು ಎಣ್ಣೆ ಹಾಕಿ 0000 ನಂಬರಿನ ಸ್ಟೀಲ್ ವುಲ್‌ನಲ್ಲಿ ತೆಗೆದೆ, ಆಮೇಲೆ 400 ನಂಬರಿನ ಕಾಗದದಲ್ಲಿ ಉದ್ದುದ್ದಕ್ಕೆ ಕೈಯಲ್ಲೇ ಹಗುರವಾಗಿ ಒಂದು ಸುತ್ತು. ಮುದ್ರೆ ಮತ್ತು ಕೆತ್ತನೆ ಇರುವ ಕಡೆ ಟೇಪ್ ಅಂಟಿಸಿ.

ಮತ್ತೆ ಕಪ್ಪು ಮಾಡುವುದು ಹೇಗೆ ಅನ್ನುವುದಕ್ಕೆ ಉತ್ತರವೂ ಆ ಸೋಲ್ಡರ್‌ನಲ್ಲೇ ಇದೆ. ಫ್ಯಾಕ್ಟರಿಗಳಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪಿನ ದ್ರಾವಣವನ್ನು ಸುಮಾರು 140 ಡಿಗ್ರಿಗೆ ಕಾಯಿಸಿ ಅದರಲ್ಲಿ ಅದ್ದುತ್ತಾರೆ, ಅರ್ಧ ಗಂಟೆಯಲ್ಲಿ ಕಪ್ಪು. ಸೋಲ್ಡರ್ ಕರಗುವ ಬಿಸಿ ಅಲ್ಲವಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಕಾಸ್ಟಿಕ್ ಸೋಡಾ ತವರವನ್ನೂ ಸೀಸವನ್ನೂ ತಿನ್ನುತ್ತದೆ. ರಿಬ್ ಕೆಳಗಿನ ಟೊಳ್ಳಿಗೆ ಉಪ್ಪು ನುಗ್ಗಿ ಕೂರುತ್ತದೆ, ತೊಳೆಯಲು ಬರುವುದಿಲ್ಲ. ಕೆಲವು ತಿಂಗಳಲ್ಲಿ ಒಳಗಿನಿಂದ ತುಕ್ಕು, ಕೊನೆಗೆ ರಿಬ್ ಕೈಗೆ. ಜೋಡಿ ನಳಿಗೆಗೆ ಇದನ್ನು ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಕೋವಿ ಬಿಟ್ಟು ಬರಬೇಡಿ.

ಉಳಿದದ್ದು ಹಳೇ ದಾರಿ, ತುಕ್ಕಿನಿಂದಲೇ ಕಪ್ಪು ಮಾಡುವುದು. ಹೊಸದಾಗಿ ತೆಳ್ಳಗೆ ತುಕ್ಕು ಹಿಡಿಸಿ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಮ್ಯಾಗ್ನಟೈಟ್, ಅಂದರೆ ಕಬ್ಬಿಣದ ಕಪ್ಪು ಆಕ್ಸೈಡ್, ಆಗುತ್ತದೆ. ಅದೇ ಕಬ್ಬಿಣ, ಅದೇ ಆಮ್ಲಜನಕ, ಜೋಡಣೆ ಮಾತ್ರ ಬೇರೆ. ಇದು ಲೋಹದ ಮೇಲೆ ಕೂತ ಪದರ ಅಲ್ಲ, ಲೋಹದ ಮೈಯಿಂದಲೇ ಬೆಳೆದದ್ದು. ಸುಲಿದು ಬರುವ ಪ್ರಶ್ನೆಯೇ ಇಲ್ಲ. ಇದಕ್ಕೆ ತೇವ ಇರುವ ಪೆಟ್ಟಿಗೆ ಬೇಕು ಅಂತ ಬೇರೆ ಊರಿನವರು ಬಿಸಿನೀರಿನ ಪಾತ್ರೆ ಇಟ್ಟು ಕಪಾಟು ಕಟ್ಟುತ್ತಾರೆ. ಜೋರು ಮಳೆಯ ಕಕ್ಕಡ ತಿಂಗಳ ಕೊಡಗಿನಲ್ಲಿ ಅದರ ಅಗತ್ಯ ಇಲ್ಲ. ಶೆಡ್ಡಿನ ಗೋಡೆಗೆ ನೇತುಹಾಕಿದರೆ ಸಾಕು. ಎರಡು ವರ್ಷ ನಳಿಗೆಯನ್ನು ತಿಂದ ಅದೇ ತೇವ ಈಗ ನಮ್ಮ ಕೆಲಸ ಮಾಡಿತು.

ಎಣ್ಣೆ ತೆಗೆಯುವುದು ಇಲ್ಲಿ ಅರ್ಧ ಕೆಲಸ. ಕಾರಿನವರು ಬಿಟ್ಟದ್ದೂ ಇದನ್ನೇ. ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಕುದಿಸಿದೆ, ಆರಿದಾಗ ರಿಬ್ ಸಂದಿಯಿಂದ ಕಂದು ಎಣ್ಣೆಯ ಗೆರೆ ಇಳಿದಿತ್ತು. ಅಸಿಟೋನ್‌ನಲ್ಲಿ ಒರೆಸಿ ಮತ್ತೆ ಕುದಿಸಿದೆ. ಮತ್ತೆ ಗೆರೆ, ಸಣ್ಣದು. ನಾಲ್ಕನೇ ಸಲಕ್ಕೆ ನಿಂತಿತು. ಕೊನೆಗೆ ಸೀಮೆಸುಣ್ಣದ ಪುಡಿ ಕಲಸಿ ಬಳಿದು, ಒಣಗಿಸಿ, ತೊಳೆದೆ. ನೀರು ಸುರಿದರೆ ಎಲ್ಲೂ ಹನಿಹನಿಯಾಗಿ ಒಡೆಯದೆ ಒಂದೇ ಹಾಳೆ ಹಾಗೆ ಹರಿಯಬೇಕು, ಅದೇ ಗುರುತು. ಆಮೇಲೆ ಬರಿಗೈ ಮುಟ್ಟಬಾರದು. ನಳಿಗೆಯ ಎರಡೂ ಕಡೆ ಮರದ ಗೂಟ ಸಿಕ್ಕಿಸಿ ಅದನ್ನೇ ಹಿಡಿ ಮಾಡಿಕೊಂಡೆ.

ತುಕ್ಕು ಹಿಡಿಸುವ ದ್ರಾವಣ ಗುರುಗಳ ಹತ್ತಿರ ಸಿದ್ಧ ಇತ್ತು. ಹಳೇ ಪುಸ್ತಕಗಳ ಕೆಲವು ಪಾಕದಲ್ಲಿ ಪಾದರಸದ ಲವಣ ಇರುತ್ತದೆ, ಅವನ್ನು ಮನೆಯಲ್ಲಿ ಯಾರೂ ಮಾಡಬೇಡಿ. ಹತ್ತಿಯನ್ನು ದ್ರಾವಣದಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಬಹುತೇಕ ಒಣಗಿದ ಹಾಗೆ ಮಾಡಿಕೊಂಡು ತುದಿಯಿಂದ ತುದಿಗೆ ಒಂದೇ ಎಳೆತ. ಹೋದ ಜಾಗಕ್ಕೆ ಮತ್ತೆ ಹೋಗಬಾರದು, ಒದ್ದೆ ಜಾಸ್ತಿಯಾದರೆ ಕಲೆ ಬೀಳುತ್ತದೆ.

ಮೊದಲ ಕೋಟ್ ರಾತ್ರಿ ಬಿಟ್ಟೆವು. ಬೆಳಗ್ಗೆ ನಳಿಗೆಯ ಮೇಲೆಲ್ಲ ಕಿತ್ತಳೆ ಬಣ್ಣದ ಪುಡಿ, ಮಾವಿನ ಎಲೆಯ ಮೇಲೆ ರಸ್ತೆಯ ಕೆಂಪು ಧೂಳು ಕೂತ ಹಾಗೆ, ಅಷ್ಟು ನಯ. ಎರಡು ತಿಂಗಳಿಂದ ತುಕ್ಕು ಅಂದರೆ ಎದೆ ಧಸಕ್ ಅನ್ನುತ್ತಿದ್ದ ನನಗೆ ಅದನ್ನು ನೋಡಿ ಖುಷಿಯಾಯಿತು.

ಕುದಿಸಲು ಸ್ಟೀಲ್ ಶೀಟಿನ ಉದ್ದ ತೊಟ್ಟಿ, ಕೆಳಗೆ ಎರಡು ಗ್ಯಾಸ್ ಒಲೆ. ನಲ್ಲಿ ನೀರಿನ ಕ್ಲೋರಿನ್ ಕಲೆ ಬೀಳಿಸುತ್ತದೆ. ಡಿಸ್ಟಿಲ್ಡ್ ವಾಟರ್ ತರಬಹುದು, ಆದರೆ ಗುರುಗಳು ಮಳೆನೀರನ್ನೇ ಹಿಡಿಯುತ್ತಾರೆ. ಮಾಡಿನಿಂದ ಇಳಿಯುವುದಲ್ಲ. ಒಂದು ಗಂಟೆ ಜೋರು ಮಳೆ ಸುರಿದ ಮೇಲೆ ಅಂಗಳದ ನಡುವೆ ಇಟ್ಟ ಬಕೆಟ್ಟಿಗೆ ನೇರ ಬೀಳುವ ನೀರು. ಗೂಟ ತೆಗೆದು ನಳಿಗೆಯನ್ನು ಇಳಿಸಿ 20 ನಿಮಿಷ ಕುದಿಸಿದೆವು. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಸೋಲ್ಡರ್‌ಗೆ ಏನೂ ಭಯವಿಲ್ಲ. ಕಿತ್ತಳೆ ನೋಡುತ್ತಿದ್ದ ಹಾಗೇ ಕಂದಾಗಿ, ಆಮೇಲೆ ಮಸಿ ಬಳಿದ ಮಖಮಲ್ಲಿನ ಹಾಗೆ ಕಪ್ಪಾಯಿತು. ಹೊರಗೆ ತೆಗೆದರೆ ಬಿಸಿಗೆ ತಾನೇ ಒಣಗುತ್ತದೆ. ಅಸಿಟೋನ್‌ನಲ್ಲಿ ತೊಳೆದ ಸ್ಟೀಲ್ ವುಲ್‌ನಿಂದ ಮೇಲಿನ ಮಸಿಯನ್ನು ಉಜ್ಜಿ ತೆಗೆದಾಗ ಅಡಿಯಲ್ಲಿ ಬೂದಿ ಬಣ್ಣದ ತೆಳು ನೆರಳು. ಇಷ್ಟೇನಾ ಅನಿಸುತ್ತದೆ. ಮೊದಲ ಸಲ ಅಷ್ಟೇ.

ಎರಡನೇ ಕೋಟಿನಿಂದ ತುಕ್ಕು ಬೇಗ ಬರುತ್ತದೆ, ಮೂರು ನಾಲ್ಕು ಗಂಟೆ ಸಾಕು. ಮೂರನೆಯದು ಮುಗಿದ ದಿನ ಕಕ್ಕಡ ಹದಿನೆಂಟು. ಮನೆಯಲ್ಲಿ ಮದ್ದು ತೊಪ್ಪಿನ (ಔಷಧಿ ಸೊಪ್ಪಿನ) ನೇರಳೆ ಪಾಯಸ ಮಾಡಿದ್ದರು. ನಳಿಗೆಗೂ ಬೆಳಕಿನಲ್ಲಿ ಅದೇ ಕಡು ನೇರಳೆ ಛಾಯೆ ಬಂದಿತ್ತು. ಐದನೆಯದರಲ್ಲಿ ಒಂದು ಎಡವಟ್ಟಾಯಿತು. ಎಡ ನಳಿಗೆಯ ತುದಿಯ ಹತ್ತಿರ ಕಾಸಗಲ ಜಾಗ ತುಕ್ಕೇ ಹಿಡಿಯಲಿಲ್ಲ. ನನ್ನ ಮೊಣಕೈ ತಗಲಿರಬೇಕು, ಎಣ್ಣೆ ಅಂಶ. ಅಷ್ಟು ಜಾಗವನ್ನು ಮಾತ್ರ ಸೀಮೆಸುಣ್ಣ ಹಚ್ಚಿ ತೊಳೆದು, ಆರನೇ ಕೋಟನ್ನು ಇಡೀ ನಳಿಗೆಗೆ ಕೊಟ್ಟೆವು. ಕೂಡಿಕೊಂಡಿತು. ಏಳಕ್ಕೆ ನಿಲ್ಲಿಸಿದೆವು. ಎಂಟನೆಯದಕ್ಕೆ ನನಗೆ ಆಸೆ ಇತ್ತು. ಬಣ್ಣ ಇನ್ನು ಏರುವುದಿಲ್ಲ, ಸುಮ್ನೆ ಯಾಕೆ ಅಂದರು ಗುರುಗಳು. ಸೋಡಾ ನೀರಿನಲ್ಲಿ ಕೊನೆಯ ಸಲ ಕುದಿಸಿ ಆಮ್ಲದ ಅಂಶ ಕೊಂದು, ಬಿಸಿ ಇರುವಾಗಲೇ ಎಣ್ಣೆ ಸುರಿದು ಒಂದು ರಾತ್ರಿ ಬಿಟ್ಟೆವು. ನಳಿಗೆಯ ಒಳಗೂ ಒಣಬಟ್ಟೆ, ಆಮೇಲೆ ಎಣ್ಣೆ ಬಟ್ಟೆ.

ಆಕ್ಷನ್ ಭಾಗಕ್ಕೆ ಮಾತ್ರ ಏನೂ ಮಾಡಲಿಲ್ಲ. ಬಣ್ಣ ತೆಗೆದು, ಎಣ್ಣೆ ಹಚ್ಚಿ, ಹಳೇ ಬೆಳ್ಳಿ ನಾಣ್ಯದ ಬೂದಿ ಬಣ್ಣದಲ್ಲೇ ಬಿಟ್ಟೆವು. ಕೋವಿ ಮುಚ್ಚಿದರೆ ಟಕ್ ಅಂತ ಒಂದೇ ಸದ್ದು, ಲಿವರ್ ನಡುವಿಗೆ ಬಂದು ನಿಲ್ಲುತ್ತದೆ. ಇಟ್ಟುಕೊಳ್ಳುವ ಜಾಗವನ್ನೂ ಬದಲಿಸಿದೆ. ಮೊದಲು ಚರ್ಮದ ಚೀಲದಲ್ಲೇ ಇಡುತ್ತಿದ್ದೆವು. ಚರ್ಮ ತೇವ ಹೀರಿ ನಳಿಗೆಗೆ ಕೊಡುತ್ತದೆ. ಈಗ ಬೀಗ ಹಾಕುವ ಗಾಳಿಯಾಡುವ ಕಪಾಟು, ಒಳಗೆ ಸಿಲಿಕಾ ಜೆಲ್. ಅದು ಬಣ್ಣ ಬದಲಿಸಿದಾಗ ಒಲೆಯ ಪಕ್ಕ ಕಾಯಿಸಿ ಮತ್ತೆ ಇಡುತ್ತೇನೆ. ಮಳೆಗಾಲದಲ್ಲಿ ಭಾನುವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ. ಎಲ್ಲಾದರೂ ಕೆಂಪು ಚುಕ್ಕೆ ಬಂದರೆ ಅವತ್ತೇ ಕಾಣುತ್ತದೆ.

ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ದಿನ ಕನ್ನಿ ಕೋಂಬರೆಯಲ್ಲಿ, ಅಂದರೆ ಮನೆಯ ಪೂಜೆ ಕೋಣೆಯಲ್ಲಿ, ಕೋವಿ ಇಟ್ಟು ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದೆವು. ಹೂವಿನಲ್ಲಿ ಮಳೆಹನಿ ಇತ್ತು. ಒಂದು ಹನಿ ಇಳಿದು ನಳಿಗೆಯ ಮೇಲೆ ಉರುಳಿ, ಎಲ್ಲೂ ಅಂಟದೆ ರಿಬ್ ಪಕ್ಕದಲ್ಲೇ ಜಾರಿ ಕೆಳಗೆ ಬಿತ್ತು. ಅಮ್ಮ ಸೆರಗಿನಿಂದ ಆ ಜಾಗ ಒರೆಸಿದರು. ಪೂಜೆ ಮುಗಿದ ಮೇಲೆ ನಾನು ಇನ್ನೊಂದು ಸಲ ಎಣ್ಣೆ ಬಟ್ಟೆಯಲ್ಲಿ ಒರೆಸಿ, 65 ಮಿ.ಮೀ. ತೋಟೆ ಎರಡನ್ನು ಜೇಬಿಗೆ ಹಾಕಿಕೊಂಡು ತೆಂಗಿನಕಾಯಿಗೆ ಗುರಿ ಇಡುವ ಮೈದಾನಕ್ಕೆ ಹೊರಟೆ.